ದಾಸಪ್ಪ ಇನ್ನೂ ನಡೆಯುತ್ತಿದ್ದಾನೆ

ಹನುಮಂತಯ್ಯ ಮೇಷ್ಟ್ರು ಅರವತ್ತೆಂಟನೇ ವಯಸ್ಸಿನಲ್ಲಿ, ನಡುಮನೆಯಲ್ಲಿ ನಿಂತು, ಭೀಷ್ಮ ಪ್ರತಿಜ್ಞೆ ಮಾಡಿದರು.

"ಇವತ್ತಿಂದ ದಿನಕ್ಕೆ ಹತ್ತು ಸಾವಿರ ಹೆಜ್ಜೆ! ಒಂದೇ ಒಂದು ಕಮ್ಮಿ ಆದ್ರೂ ನನ್ನ ಹೆಸರು ಹನುಮಂತಯ್ಯನೇ ಅಲ್ಲ!"

"ಹಂಗಾದ್ರೆ ಬೇರೆ ಹೆಸರು ಈಗ್ಲೇ ಯೋಚ್ನೆ ಮಾಡಿಟ್ಕಳಿ," ಎಂದರು ಹೆಂಡತಿ ಸರಸಮ್ಮ. ಅವರೆಕಾಯಿ ಸುಲಿಯುತ್ತಿದ್ದ ಆಕೆ ತಲೆಯನ್ನೂ ಎತ್ತಲಿಲ್ಲ.

ಸರಸಮ್ಮನ ಅನುಮಾನಕ್ಕೆ ಮೂವತ್ತಮೂರು ವರ್ಷದ ಆಧಾರವಿತ್ತು. ಮೇಷ್ಟ್ರು ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬಾಯಲ್ಲಿ ಸೀಟಿ ಇಟ್ಟುಕೊಂಡು, ಮೂರು ತಲೆಮಾರನ್ನು ಮೈದಾನ ಸುತ್ತಿಸಿದ ಮಹಾನುಭಾವರು. ತಾವು ಓಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ!

ಆದರೆ ಈ ಸಲ ಓಡಲೇಬೇಕಾದ ಕಾಲ ಬಂದಿತ್ತು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆ ಎಂದು ಡಾಕ್ಟರು ಮೂರು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಇಳಿಯದಿದ್ದರೆ ದಿನಾ ಹೊಟ್ಟೆಗೆ ಇನ್ಸುಲಿನ್ ಸೂಜಿ. ಮೇಷ್ಟ್ರಿಗೆ ಭೂಮಿಯ ಮೇಲೆ ಭಯವೆಂದರೆ ಸೂಜಿಯೊಂದೇ. ಹಿಂದೊಮ್ಮೆ ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಚುಚ್ಚುಮದ್ದು ಹಾಕಿಸುವಾಗ, ಒಬ್ಬ ಹುಡುಗನೂ ಅಳಲಿಲ್ಲ. ಮೂರ್ಛೆ ಹೋದವರು ಇವರೇ!

ಹಾಗಾಗಿ ಊರಿನ 'ಹಿರಿಯರ ನಡಿಗೆ ಬಳಗ' ಸೇರಿದರು. ಹನ್ನೆರಡು ಜನ ಮುದುಕರು ಬೆಳಿಗ್ಗೆ ಆರಕ್ಕೆ ಕಾಲೇಜು ಮೈದಾನದಲ್ಲಿ ಸೇರಿ ಸುತ್ತು ಹಾಕುವುದು, ಚಪ್ಪಾಳೆ ತಟ್ಟುವುದು, ಉಸಿರು ಎಳೆದು ಬಿಡುವುದು, ಆಮೇಲೆ ಮಂಡಿನೋವಿನ ವಿಷಯ ಮಾತಾಡುವುದು ಬಳಗದ ಕಾರ್ಯಕ್ರಮ. ಬಳಗದ ಮುಖ್ಯಸ್ಥನಾದ ನಿವೃತ್ತ ಪೋಸ್ಟ್ ಮಾಸ್ಟರ್ ಮುನಿಶಾಮಯ್ಯ ಎಲ್ಲರಿಗೂ ಹೆಜ್ಜೆ ಎಣಿಸುವ ವಾಚು ತರಿಸಿಕೊಟ್ಟಿದ್ದ. ಸಂಜೆ ಏಳಕ್ಕೆ ಯಾರು ಎಷ್ಟು ನಡೆದರೆಂಬ ಪಟ್ಟಿ ತಾನಾಗಿಯೇ ಎಲ್ಲರ ಮೊಬೈಲಿಗೂ ಬರುತ್ತಿತ್ತು.

ಪಟ್ಟಿಯ ತುದಿಯಲ್ಲಿ ಯಾವಾಗಲೂ ಒಂದೇ ಹೆಸರು, ದಾಸಪ್ಪ! ಮೇಷ್ಟ್ರ ಚಡ್ಡಿ ಕಾಲದ ಗೆಳೆಯ. ಐವತ್ತು ವರ್ಷ ಮರದ ಗೊಂಬೆ ಕಡೆದು, ಬೆರಳಿಗೆ ಅಂಟಿದ ಅರಗಿನ ಬಣ್ಣ ಇನ್ನೂ ಹೋಗದ ಆಸಾಮಿ. ಮೈದಾನದಲ್ಲಿ ಎರಡು ಸುತ್ತು ಹಾಕಿ, "ಉಳಿದದ್ದು ಮನೆ ಕಡೆ ನಡ್ಕೊತೀನಿ" ಅಂತ ಹೊರಟುಬಿಡುತ್ತಿದ್ದ. ಸಂಜೆ ನೋಡಿದರೆ ಒಂಬತ್ತು ಸಾವಿರ!

ಮೇಷ್ಟ್ರ ಮೊದಲ ದಿನದ ಸಾಧನೆ ಎರಡು ಸಾವಿರದ ನೂರು.

"ಲೇ ಹನುಮ, ನಮ್ಮನೆ ಎಮ್ಮೆ ಕಟ್ಟಿದ ಜಾಗದಲ್ಲೇ ಇದಕ್ಕಿಂತ ಜಾಸ್ತಿ ನಡೀತದೆ ಕಣ್ಲಾ!" ಎಂದ ದಾಸಪ್ಪ ಎಲ್ಲರೆದುರು.

ಈ ಅವಮಾನವನ್ನು ಮೇಷ್ಟ್ರು ನುಂಗಲಿಲ್ಲ. ಪಕ್ಕದ ಮನೆಯಲ್ಲಿ ಸನಾವುಲ್ಲಾನ ರೇಷ್ಮೆ ನೂಲು ತೆಗೆಯುವ ಚರಕ ಬೆಳಗಿನಿಂದ ಸಂಜೆವರೆಗೆ ತಿರುಗುತ್ತಿತ್ತು. ಮೇಷ್ಟ್ರು ಕೈ ಬೀಸಿದರೆ ವಾಚು ಹೆಜ್ಜೆ ಎಂದು ಎಣಿಸುತ್ತದೆ. ಚರಕದ ಹಿಡಿ ತಿರುಗಿದರೂ ಎಣಿಸಬೇಕಲ್ಲವೆ? ಕಟ್ಟಿದರು. ಎಣಿಸಿತು! ಮೇಷ್ಟ್ರು ಜಗಲಿಯ ಮೇಲೆ ಕೂತು ಕೋಡುಬಳೆ ತಿಂದರು. ಸಂಜೆ ಪಟ್ಟಿಯಲ್ಲಿ ಅವರದು ಹನ್ನೆರಡು ಸಾವಿರ.

"ಮೇಷ್ಟ್ರೇ, ನೀವು ಕೂತ್ಕೊಂಡೇ ಮೈಸೂರು ತಲುಪ್ತೀರಾ ನೋಡಿ," ಎಂದ ಸನಾವುಲ್ಲಾ.

"ಯಾರಿಗೂ ಹೇಳ್ಬೇಡ ಮಾರಾಯ!"

ಅಲ್ಲಿಂದ ಶುರುವಾಯಿತು ಕುರುಕ್ಷೇತ್ರ. ಮೇಷ್ಟ್ರು ಹನ್ನೆರಡು ಸಾವಿರ ಅಂದರೆ ಮಾರನೇ ದಿನ ದಾಸಪ್ಪ ಹದಿಮೂರು. ಚರಕದ ಮೇಲೆ ವಾಚು ಇನ್ನೊಂದು ಗಂಟೆ ಹೆಚ್ಚಿಗೆ ತಿರುಗಿದರೆ ಅವನದು ಹದಿನಾಲ್ಕು. ಒಂದು ಬೆಳಿಗ್ಗೆ ಮೈದಾನದಲ್ಲಿ ದಾಸಪ್ಪ ಮೇಷ್ಟ್ರ ಭುಜ ಹಿಡಿದು, ಅದೇಕೋ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ಸತ್ರೂ ನಿನ್ನ ಮುಂದಕ್ಕೆ ಬುಡಾಕಿಲ್ಲ ಕಣ್ಲಾ ಹನುಮ!"

ಅದಾದ ಮೂರನೇ ದಿನ ಬೆಳಿಗ್ಗೆ ದಾಸಪ್ಪ ಏಳಲಿಲ್ಲ. ಮಲಗಿದ್ದಲ್ಲೇ ಹೋಗಿದ್ದ.

ತೋಟದಲ್ಲಿ ಮಣ್ಣು ಮಾಡಿ ಬಂದ ಮೇಲೆ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಇಲ್ಲದ ಹೆಜ್ಜೆಗಳ ಬೆನ್ನು ಹತ್ತಿಸಿ ಆ ಮುದುಕನನ್ನು ಹದಿನಾಲ್ಕು ಸಾವಿರ ನಡೆಸಿದವರು ಯಾರು? ಎದೆಗೆ ತ್ರಾಸ ಕೊಟ್ಟವರು ಯಾರು? ಕೇಳಿಕೊಂಡಾಗೆಲ್ಲ ಚರಕದ ಸದ್ದು ಕಿವಿಗೆ ಬೀಳುತ್ತಿತ್ತು. ಐವತ್ತೈದು ವರ್ಷದ ಗೆಳೆಯನನ್ನು ಕೊಂದುಬಿಟ್ಟೆನಲ್ಲ ಎಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತರು. ವಾಚನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹನ್ನೊಂದನೇ ದಿನ ತಿಥಿ ಊಟ ಮುಗಿಯಿತು. ಹನ್ನೆರಡನೇ ದಿನ ಸರಸಮ್ಮ, "ಡಾಕ್ಟರ ಗಡುವು ನಿಮ್ಮ ದುಃಖಕ್ಕೆ ಕಾಯಲ್ಲ, ಎದ್ದು ನಡೀರಿ" ಎಂದರು. ಮೇಷ್ಟ್ರು ವಾಚು ತೆಗೆದರು. ಎರಡು ಹೆಜ್ಜೆ ಇಟ್ಟರು. ಕಾಲು ಮೈದಾನದ ಕಡೆ ಹೋಗಲಿಲ್ಲ, ಸನಾವುಲ್ಲಾನ ಮನೆ ಕಡೆ ಹೋಯಿತು. ಅಭ್ಯಾಸ!

ಸಂಜೆ ಏಳಕ್ಕೆ ಮೊಬೈಲು ಟಣ್ ಎಂದಿತು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

ಒಂದು: ದಾಸಪ್ಪ, 13,340.
ಎರಡು: ಹನುಮಂತಯ್ಯ, 12,335.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ದಾಸಪ್ಪ ಇನ್ನೂ ಅಲ್ಲೇ ಇದ್ದ, ಮೇಲಕ್ಕೆ.

"ಸರಸೂ," ಎಂದರು, "ಮಣ್ಣು ಮಾಡುವಾಗ ದಾಸಪ್ಪನ ಕೈಲಿ ವಾಚಿತ್ತಾ?"

"ತುಂಬು ತೋಳಿನ ಅಂಗಿ ಹಾಕಿದ್ರು, ಯಾರು ನೋಡಿದ್ರು? ಇದ್ರೂ ಇದ್ದಿರಬೋದು."

ಮೇಷ್ಟ್ರ ಕಣ್ಣ ಮುಂದೆ ತೋಟದ ಮಣ್ಣಿನಡಿಯಲ್ಲಿ ಕತ್ತಲಲ್ಲಿ ಒಂದು ಕೈ ಬೀಸುತ್ತ, ಬೀಸುತ್ತ ನಡೆಯತೊಡಗಿತು.

ಮುನಿಶಾಮಯ್ಯನಿಗೆ ಫೋನು ಮಾಡಿದರೆ ಅವನ ಹಲ್ಲು ಕಟಕಟ ಎನ್ನುವುದು ಇಲ್ಲಿಗೇ ಕೇಳಿಸಿತು.

"ಅವನ ಹೆಸ್ರು ತೆಗೆದುಬುಡಪ್ಪ!"

"ನೀವೇ ತೆಗೀರಿ ಮೇಷ್ಟ್ರೇ! ಯಾಕೆ ತೆಗೆದೆ ಅಂತ ಕೇಳಾಕೆ ನಮ್ಮನೆಗೆ ನಡ್ಕೊಂಡೇ ಬಂದ್ಬುಟ್ರೆ? ಈಗ್ಲೇ ಹದಿಮೂರು ಸಾವ್ರ ಹೆಜ್ಜೆ ಐತೆ, ನಮ್ಮನೆ ಬರೀ ಎಂಟುನೂರು ಹೆಜ್ಜೆ!"

ಬಳಗದ ಹನ್ನೊಂದು ಜನರೂ ಆವತ್ತಿನಿಂದ ಪಟ್ಟಿ ಬಂದ ಕೂಡಲೇ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು. ದಾಸಪ್ಪನಿಗೆ ತಾನೇ ಏನು ಹೇಳಲು ಸಾಧ್ಯ?

ಮೇಷ್ಟ್ರಿಗೆ ಅರ್ಥವಾಗಿತ್ತು. ಅವನು ಸುಳ್ಳಿನ ಲೆಕ್ಕ ಕೇಳಲು ಬಂದಿದ್ದಾನೆ. ಮಾರನೇ ದಿನವೇ ವಾಚನ್ನು ಚರಕದಿಂದ ಬಿಚ್ಚಿ ಕೈಗೆ ಕಟ್ಟಿಕೊಂಡು ನಿಜವಾಗಿ ನಡೆದರು. ಏದುಸಿರು ಬಿಡುತ್ತ ಆರು ಸಾವಿರ. ದಾಸಪ್ಪ ಏಳು! ಮೇಷ್ಟ್ರು ಎಂಟು ನಡೆದರೆ ದಾಸಪ್ಪ ಒಂಬತ್ತು! "ಬುಟ್ಬುಡೋ ಮಾರಾಯ, ನಿಜವಾಗ್ಲೂ ನಡೀತಿದೀನಿ!" ಎಂದು ದಾರಿಯಲ್ಲೇ ಗೊಣಗುತ್ತ, ಆರರ ಬದಲು ಐದೂವರೆಗೆ, ಐದೂವರೆ ಬದಲು ಐದಕ್ಕೇ ಮೈದಾನಕ್ಕೆ ಹೋಗತೊಡಗಿದರು. ಎಷ್ಟು ನಡೆದರೂ ಸತ್ತವನು ಒಂದು ಸಾವಿರ ಮುಂದೆ.

ಪುಷ್ಯ ಮಾಸದ ಮಂಜು. ಮೈದಾನದಲ್ಲಿ ಗೋಲು ಕಂಬವೂ ಕಾಣುತ್ತಿರಲಿಲ್ಲ. ಆ ಮಂಜಿನೊಳಗೆ ಎರಡನೇ ವಾರದಲ್ಲೊಂದು ದಿನ ಅವರ ಹೆಜ್ಜೆಯ ಜೊತೆ ಇನ್ನೊಂದು ಹೆಜ್ಜೆ ಕೇಳಿಸಿತು. ಚರ್... ಚರ್... ದಾಸಪ್ಪನ ಟೈರಿನ ಅಟ್ಟೆಯ ಎಕ್ಕಡ! ಆ ಸದ್ದು ಅವರಿಗೆ ಗೊತ್ತಿಲ್ಲವೆ? ಮೇಷ್ಟ್ರು ನಿಂತರು. ಅದು ನಿಲ್ಲಲಿಲ್ಲ. ಮೇಷ್ಟ್ರು ಜೋರು ಮಾಡಿದರು. ಅದೂ ಜೋರಾಯಿತು. ಮೈದಾನ ಗುಂಡಗಿದ್ದರಿಂದ ಅದು ಮುಂದಿದೆಯೋ ಹಿಂದಿದೆಯೋ ತಿಳಿಯುತ್ತಿರಲಿಲ್ಲ. ಒಂದೇ ಉಸಿರಿಗೆ ಮನೆಗೆ ಓಡಿದರು. ಮೂವತ್ತಮೂರು ವರ್ಷದ ನೌಕರಿಯಲ್ಲಿ ಓಡದಿದ್ದ ಓಟವನ್ನೆಲ್ಲ ಅವತ್ತು ಓಡಿ ಮುಗಿಸಿದರು!

"ಏನ್ರೀ, ಬೆವರು ಹಿಂಗೆ ಸುರೀತೈತೆ?"

"ವ್ಯಾಯಾಮ ಕಣೇ," ಎಂದರು ಮೇಷ್ಟ್ರು ಬಾಗಿಲ ಚಿಲಕ ಹಾಕುತ್ತ.

ಆದರೂ ಹೋಗುವುದನ್ನು ನಿಲ್ಲಿಸಲಿಲ್ಲ. ಹೋಗದಿದ್ದರೆ ಅವನು ಮನೆಗೇ ಬಂದರೆ? ಹೀಗೆ ಇನ್ನೂ ಹತ್ತು ದಿನ ಕಳೆದ ಮೇಲೆ ಹೆದರಿಕೆಗಿಂತ ಸಂಕಟ ಹೆಚ್ಚಾಯಿತು. ಇವತ್ತು ನಿಂತು ಕೇಳಿಯೇ ಬಿಡುತ್ತೇನೆ, ಕರೆದುಕೊಂಡು ಹೋದರೆ ಹೋಗಲಿ ಎಂದು ಮೈದಾನದ ನಡುವೆ ನಿಂತರು.

ಚರ್... ಚರ್... ಮಂಜಿನಿಂದ ಆಕಾರವೊಂದು ಹೊರಬಂತು. ಅದೇ ಕಂದು ಮಂಕಿ ಟೋಪಿ. ಅದೇ ಬೂದು ಶಾಲು. ಕೆಳಗೆ ಅದೇ ಎಕ್ಕಡ. ಮೇಷ್ಟ್ರು ಮಂಡಿಯೂರಿ ಬಿದ್ದರು.

"ದಾಸಪ್ಪಾ! ತಪ್ಪಾಯ್ತು ಕಣ್ಲಾ! ನಾನೊಂದು ಹೆಜ್ಜೇನೂ ನಡೀಲಿಲ್ಲ! ವಾಚು ಚರಕಕ್ಕೆ ಕಟ್ಟಿದ್ದೆ! ನನ್ನ ಸುಳ್ಳಿನ ಹಿಂದೆ ಬಿದ್ದು ನೀನು ನಡೆದು ನಡೆದು ಸತ್ತೆ. ನಿನ್ನ ಕೊಂದೋನು ನಾನೇ!"

"ಚರಕದ ವಿಷ್ಯ ಗೊತ್ತು ಬುಡಿ ಮೇಷ್ಟ್ರೇ," ಎಂದಿತು ಆಕಾರ. "ಮೊದ್ಲು ಮೇಲೇಳಿ, ನೆಲ ತಣ್ಣಗೈತೆ."

ಹೆಣ್ಣು ದನಿ! ಟೋಪಿ ಮೇಲಕ್ಕೆ ಸರಿಯಿತು. ದಾಸಪ್ಪನ ಹೆಂಡತಿ ಬೈರಮ್ಮ.

ಮೇಷ್ಟ್ರು ಏಳಲು ಐದು ನಿಮಿಷ ಬೇಕಾಯಿತು. ಬೈರಮ್ಮನೇ ಕೈ ಹಿಡಿದು ಕಲ್ಲಿನ ಮೇಲೆ ಕೂರಿಸಿದಳು. ಅವಳ ಮುಂಗೈಯಲ್ಲಿ ವಾಚಿತ್ತು.

"ಬಳೆ ತೆಗೆದಾಗಿಂದ ಕೈ ಬರಿದು ಬರಿದು ಅನ್ನುಸ್ತಿತ್ತು ಮೇಷ್ಟ್ರೇ. ಇದನ್ನ ಕಟ್ಕೊಂಡೆ. ಮನೇಲಿ ಕೂತ್ರೆ ಬಂದೋರೆಲ್ಲ ಅಳುಸ್ತಾರೆ. ಹಗಲೊತ್ತು ಬಂದ್ರೆ, ಗಂಡ ಹೋಗಿ ಎರಡು ತಿಂಗಳಾಗಿಲ್ಲ ಮೈದಾನ ಸುತ್ತುತಾವಳೆ ಅಂತಾರೆ. ಅದಕ್ಕೆ ಈ ಹೊತ್ನಲ್ಲಿ ಬತ್ತೀನಿ. ಅವ್ರ ಎಕ್ಕಡ ಒಸಿ ದೊಡ್ಡದು, ಎಳ್ಕೊಂಡು ನಡೀಬೇಕು."

"ಆದ್ರೆ ನನ್ನಿಂದ ಅವನು..."

ಬೈರಮ್ಮ ನಕ್ಕಳು. ಗಂಡ ಹೋದ ಮೇಲೆ ಮೊದಲ ಸಲ ನಕ್ಕಿರಬೇಕು. ಆ ನಗು ಅವಳಿಗೇ ಆಶ್ಚರ್ಯವಾದಂತಿತ್ತು.

"ಅವ್ರೆಲ್ಲಿ ನಡೀತಿದ್ರು ಮೇಷ್ಟ್ರೇ! ಎರಡು ಸುತ್ತು ಹಾಕಿ ಮನೇಗೆ ಬಂದು ವಾಚು ನನ್ನ ಕೈಗೆ ಕಟ್ಟಿ, ಸೀದಾ ತಟ್ಟೆ ಇಡ್ಲಿ ಹೋಟ್ಲಿಗೆ ಹೋಗೋರು. ಸಾಯಂಕಾಲದ ಗಂಟ ನಾನು ಹಟ್ಟಿ, ಬಾವಿ, ಒಲೆ, ಎಮ್ಮೆ ಅಂತ ಓಡಾಡಿದ್ದೆಲ್ಲ ಅವ್ರ ಲೆಕ್ಕ. ಸನಾವುಲ್ಲಾ ಅಣ್ಣ ಚರಕದ ವಿಷ್ಯ ಹೇಳಿದ ಮೇಲಂತೂ ದಿನಾ ಬೆಳಿಗ್ಗೆ, 'ಬೈರೀ, ಇವತ್ತು ಒಸಿ ಜಾಸ್ತಿ ಓಡಾಡು, ಚರಕಾನ ಸೋಲಿಸ್ಬೇಕು' ಅಂತ ನಗೋರು. ಕೊನೇ ದಿನ್ವೂ ನಗ್ತಾನೇ ಮಲಗಿದ್ರು."

ತಾವು ವಾಚನ್ನು ಚರಕಕ್ಕೆ ಕಟ್ಟಿದರೆ, ಆ ಮಹಾರಾಯ ಹೆಂಡತಿಗೆ ಕಟ್ಟಿದ್ದ!

"ಇನ್ನೊಂದು ಮಾತು ಅಂದಿದ್ರು," ಎಂದಳು ಬೈರಮ್ಮ ಮೂಗು ಒರೆಸಿಕೊಂಡು. "ತಮಾಸೆಗೇ ಅಂದಿದ್ರು. 'ನಾನು ಮುಂಚೆ ಹೋಗ್ಬುಟ್ರೆ ವಾಚು ಬಿಚ್ಚಬೇಡ. ಹನುಮ ಹೇಳಿದ್ರೆ ನಡಿಯೋನಲ್ಲ, ಹೆದ್ರುಸುದ್ರೇ ನಡೆಯೋದು. ಅವನಿಗಿಂತ ಒಂದು ಸಾವ್ರ ಮುಂದಿರು' ಅಂತ. ಏಳು ಗಂಟೆಗೆ ಮುಂಚೆ ಅವ್ರ ಮೊಬೈಲಲ್ಲಿ ನಿಮ್ಮ ಲೆಕ್ಕ ನೋಡ್ಕೊಂಡು ಅವ್ರ ಮಾತು ನಡೆಸ್ದೆ ಅಷ್ಟೆ."

ಮೇಷ್ಟ್ರು ಮೈದಾನದ ಕಲ್ಲಿನ ಮೇಲೆ ಕೂತು ಅತ್ತರು. ಈ ಸಲ ನೀರಿನ ಸದ್ದಿನ ಮರೆ ಬೇಕಾಗಲಿಲ್ಲ.

ಆ ತಿಂಗಳ ಕೊನೆಗೆ ಡಾಕ್ಟರು ಚೀಟಿ ನೋಡಿ ಹುಬ್ಬೇರಿಸಿದರು. ಸಕ್ಕರೆ ಇಳಿದಿತ್ತು! ಸೂಜಿ ತಪ್ಪಿತು. "ಏನು ಮಾಡಿದ್ರಿ?" ಎಂದು ಕೇಳಿದ್ದಕ್ಕೆ "ಗೆಳೆಯರ ಸಹಾಯ" ಎಂದರು ಮೇಷ್ಟ್ರು. ಬೈರಮ್ಮನ ಗುಟ್ಟನ್ನು ಸರಸಮ್ಮನಿಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ. ಬಳಗದವರು ಸಂಜೆ ಏಳಕ್ಕೆ ನಡುಗುತ್ತಲೇ ಇದ್ದರು.

ಇಷ್ಟಕ್ಕೇ ಮುಗಿದಿದ್ದರೆ ಮೇಷ್ಟ್ರ ಮರ್ಯಾದೆ ಉಳಿಯುತ್ತಿತ್ತು. ಮುಂದಿನ ಭಾನುವಾರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಕಾಲು ಊರಲಾಗಲಿಲ್ಲ.

"ಸುಮ್ನೆ ಮಲಗಿ. ವಾಚು ಇವತ್ತು ನನ್ನ ಕೈಲಿರ್ಲಿ, ನೋಡೋಣ," ಎಂದು ಸರಸಮ್ಮ ಕಟ್ಟಿಕೊಂಡರು. ಬಟ್ಟೆ ಒಗೆದರು, ಮಹಡಿಗೆ ಹತ್ತಿ ಒಣಗಿಸಿದರು, ಸಂತೆಗೆ ಹೋಗಿ ಬೈರಮ್ಮನನ್ನು ಮಾತಾಡಿಸಿಕೊಂಡು ಬಂದರು, ರಾಗಿ ಹಸನು ಮಾಡಿ ಮಿಲ್ಲಿಗೆ ಹೊತ್ತರು, ನಡುನಡುವೆ ಮೇಷ್ಟ್ರಿಗೆ ಆರು ಸಲ ನೀರು ತಂದುಕೊಟ್ಟರು.

ಸಂಜೆ ಏಳು. ಟಣ್!

ಒಂದು: ಹನುಮಂತಯ್ಯ, 16,812.
ಎರಡು: ದಾಸಪ್ಪ, 10,950.

ಬಳಗ ಬೆರಗಾಯಿತು. ಪ್ರೇತವನ್ನು ಸೋಲಿಸಿದ ಮೊದಲ ಮನುಷ್ಯ! ಅಭಿನಂದನೆಗಳ ಮಳೆ ಸುರಿಯಿತು. "ಡ್ರಿಲ್ ಮೇಷ್ಟ್ರು ಅಂದ್ರೆ ಸುಮ್ನೆನಾ!" ಎಂದು ಬರೆದ ಮುನಿಶಾಮಯ್ಯ. ಮೇಷ್ಟ್ರ ಹೆಬ್ಬೆರಳು ಒಂದು ಕ್ಷಣ ತಡೆಯಿತು. ಒಂದೇ ಕ್ಷಣ. ಆಮೇಲೆ ಬರೆದರು: "ಧನ್ಯವಾದಗಳು. ಎಲ್ಲ ಶಿಸ್ತಿನ ಫಲ."

ಆಗ ಪರದೆಯ ಮೇಲುಗಡೆ ಒಂದು ಸಣ್ಣ ಸಾಲು ಮೂಡಿತು. 'ದಾಸಪ್ಪ ಬರೆಯುತ್ತಿದ್ದಾರೆ...'

ಊರಿನ ಹನ್ನೊಂದು ಮನೆಗಳಲ್ಲಿ ಹನ್ನೊಂದು ಜನ ಉಸಿರು ಬಿಗಿಹಿಡಿದರು. ಸಾಲು ಅಳಿಯಿತು. ಮತ್ತೆ ಮೂಡಿತು. ಟಣ್!

"ಲೇ ಹನುಮ, ಅದು ಸರಸಮ್ಮನ ನಡಿಗೆ ಕಣ್ಲಾ."

ಮರುಗಳಿಗೆಯೇ ಮುನಿಶಾಮಯ್ಯ ತಾನೇ ಕಟ್ಟಿದ ಬಳಗವನ್ನು ಬಿಟ್ಟು ಹೊರಟುಹೋದ ಸೂಚನೆ ಬಂತು. ಮೇಷ್ಟ್ರು ಮೊಬೈಲನ್ನು ಮೆಲ್ಲಗೆ ದಿಂಬಿನಡಿಗೆ ತಳ್ಳಲು ನೋಡಿದರು. ಆದರೆ ಸರಸಮ್ಮ ಹಿಂದೆ ನಿಂತು ಆಗಲೇ ಓದಿ ಮುಗಿಸಿದ್ದರು. ವಾಚು ಬಿಚ್ಚಿ ಗಂಡನ ಕೈಗೆ ಕಟ್ಟಿದರು.

"ದಾಸಣ್ಣ ಬದುಕಿದ್ದಾಗ ಸುಳ್ಳು ಹೇಳೋರು, ಹೋದ ಮೇಲೆ ನಿಜ ಹೇಳೋದು ಕಲ್ತವ್ರೆ," ಎಂದರು. "ನೀವು ಅಷ್ಟು ದಿನ ಕಾಯ್ಬೇಡಿ."