ಅತ್ತಿಗೆಯ ಮೂಗಿನ ತೀರ್ಪು

ನಮ್ಮ ಅತ್ತಿಗೆಯ ಮೂಗಿಗೆ ನಾಲಿಗೆಯಿದೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ನಂಬದೆ ಇರಲು ನಾನೂ ಬಹಳ ವರ್ಷ ಪ್ರಯತ್ನಪಟ್ಟವನೇ. ಆದರೆ ಚಾಮರಾಜಪೇಟೆಯ ಅವರ ಅಡುಗೆಮನೆಯಲ್ಲಿ ಒಂದು ಹಬ್ಬ ಕಳೆದವರು ಯಾರೂ ಈ ವಿಷಯದಲ್ಲಿ ನಾಸ್ತಿಕರಾಗಿ ಉಳಿದಿಲ್ಲ!

ನಮ್ಮ ಮನೆತನದಲ್ಲಿ ಹಬ್ಬದ ಅಡುಗೆಯನ್ನು ದೇವರಿಗೆ ಎಡೆಯಿಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಹೀಗಾಗಿ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಬೇರೆ ಮನೆಗಳಲ್ಲಿ ಮೊದಲು ದೇವರಿಗೆ ತಿಳಿಯುತ್ತದೆ. ನಮ್ಮಲ್ಲಿ ಮಾತ್ರ ಅತ್ತಿಗೆಗೆ. ಅವರು ಮುಚ್ಚಳ ಸರಿಸಿ, ಕಣ್ಣು ಮುಚ್ಚಿ, ಆವಿಯನ್ನು ಒಮ್ಮೆ ಒಳಗೆಳೆದುಕೊಂಡು, "ಅರ್ಧ ಚಮಚ ಉಪ್ಪು ಬೇಕು. ಹುಣಸೆಹಣ್ಣು ಹಳೇದು" ಎಂದು ತೀರ್ಪು ಕೊಡುತ್ತಾರೆ. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಎಂದು, ವಿಜ್ಞಾನ ಓದಿದವನಾದ ನಾನು ಒಮ್ಮೆ ವಿನಯದಿಂದಲೇ ಕೇಳಿದ್ದುಂಟು.

"ನಿನ್ನ ಮೂಗು ಕನ್ನಡಕ ಇಟ್ಕೊಳ್ಳೋಕೆ ಇರೋದು ಕಣಯ್ಯಾ!" ಎಂದರು. ಬೀಗರ ಎದುರಿನಲ್ಲಿ! ಬೀಗರು ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ಚೆನ್ನಾಗಿ ನೆನಪಿದೆ.

ನಗರ್ತಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದ ನನ್ನ ಅಣ್ಣ ಬದುಕಿದ್ದಾಗ, "ಪಾತ್ರೆ ಮಾರೋನು ನಾನು, ಅದರೊಳಗೆ ಏನಿದೆ ಅಂತ ಹೇಳೋಳು ಇವಳು" ಎಂದು ಹೆಮ್ಮೆಪಡುತ್ತಿದ್ದ. ಹೆಮ್ಮೆ ಅವನದು, ಚೀಲ ಹೊರುವ ಭಾಗ್ಯ ನನ್ನದು. ಅವರೇಕಾಯಿಯ ಕಾಲದಲ್ಲಿ ಅತ್ತಿಗೆಯೊಡನೆ ಕೃಷ್ಣರಾಜ ಮಾರುಕಟ್ಟೆಗೆ ಹೋಗಿದ್ದೀರಾ? ಹೋಗಬೇಡಿ. ಅವರು ರಾಶಿ ರಾಶಿಯ ಮುಂದೆ ಬಾಗಿ, ಹಿಡಿ ಹಿಡಿ ಕಾಯಿ ಎತ್ತಿ ಮೂಸುತ್ತಾರೆ. ಒಬ್ಬ ವ್ಯಾಪಾರಿಗೆ ರೇಗಿತು.

"ಏನಮ್ಮಾ, ಕಾಯಿ ತಗೊಳ್ತೀರೋ, ಇಲ್ಲಾ ಮೂಸಿ ಮೂಸಿ ಸೊಗಡನ್ನೆಲ್ಲಾ ಮನೆಗೆ ಹೊತ್ಕೊಂಡು ಹೋಗ್ತೀರೋ?"

"ಸೊಗಡಿದ್ರೆ ತಾನೇ ಹೊತ್ಕೊಂಡು ಹೋಗೋದು!" ಎಂದು ಅತ್ತಿಗೆ ಮುಂದಿನ ರಾಶಿಗೆ ನಡೆದರು. ಅವನು ಬೈದದ್ದು, ನ್ಯಾಯವಾಗಿ ಅವರಿಗೆ ಸಲ್ಲಬೇಕಾದದ್ದು, ಹಿಂದಿದ್ದ ನನಗೆ ಸಂದಿತು.

ಇನ್ನು ಅವರ ನೆನಪು! ಮನುಷ್ಯರ ಮುಖ ಅಲ್ಲಿ ನಿಲ್ಲುವುದಿಲ್ಲ, ಊಟ ಮಾತ್ರ ನಿಲ್ಲುತ್ತದೆ. ಒಮ್ಮೆ ಹಳೆಯ ಮದುವೆಗಳ ಮಾತು ಬಂದಾಗ, "ಮಲ್ಲೇಶ್ವರದ ಛತ್ರದಲ್ಲಿ ಒಂದು ಮದುವೆ ಆಯ್ತಲ್ಲಾ, ಹಾಲುಬಾಯಿ ಏಲಕ್ಕಿ ಇಲ್ದೆ ಸಪ್ಪಗಿತ್ತು, ಕೋಸಂಬರಿ ಮಾತ್ರ ಎಷ್ಟು ತಾಜಾ! ಗಂಡು ಯಾರೋ, ನೆನಪಿಲ್ಲ" ಎಂದರು.

"ಅತ್ತಿಗೆ, ಗಂಡು ನಾನು" ಎಂದೆ.

"ಹೌದಾ?" ಎಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಕೋಸಂಬರಿ ಚೆನ್ನಾಗಿತ್ತು ಬಿಡು" ಎಂದು ಸಮಾಧಾನ ಹೇಳಿದರು!

ಇಂತಹ ಅತ್ತಿಗೆಗೆ ಕಳೆದ ಚಳಿಗಾಲದಲ್ಲಿ ಕೆಟ್ಟ ಜ್ವರ ಬಂದು ಬಿಟ್ಟಿತು. ಯುಗಾದಿಯ ಹೊತ್ತಿಗೆ ಚೇತರಿಸಿಕೊಂಡು, ಎಂದಿನಂತೆ ಅಡುಗೆಮನೆಯ ಮಣೆಯ ಮೇಲೆ ವಿರಾಜಮಾನರಾಗಿದ್ದರು. ಅವರ ಸೊಸೆ ವಾಣಿ ಹೋಳಿಗೆಯ ಬೇಳೆ ಬಸಿದ ಕಟ್ಟಿನಲ್ಲಿ ಸಾರು ಕುದಿಸುತ್ತಿದ್ದಳು. ನಾನು ಬಾಗಿಲಲ್ಲಿ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದೆ. ವಾಣಿ ಉಪ್ಪಿನ ಜಾಡಿಗೆ ಕೈ ಹಾಕುವಷ್ಟರಲ್ಲಿ ಫೋನು ಬಂತು. ಚಮಚವನ್ನು ಜಾಡಿಯಲ್ಲಿಯೇ ಬಿಟ್ಟು ಹೊರಗೆ ಓಡಿದಳು. ಇಂತಹವನ್ನು ಗಮನಿಸುವುದು ನನ್ನ ಸ್ವಭಾವ.

ಅಷ್ಟರಲ್ಲಿ ಪಕ್ಕದ ಒಲೆಯ ಹಾಲು ತಳ ಹಿಡಿಯಿತು. ಕಮಟು ವಾಸನೆ ನನ್ನ ಕನ್ನಡಕ ಹೊರುವ ಮೂಗಿಗೇ ರಾಚಿತು. ಮಾರು ದೂರದಲ್ಲಿದ್ದ ಅತ್ತಿಗೆ ಮಾವಿನೆಲೆ ಒರೆಸುತ್ತ ಕುಳಿತೇ ಇದ್ದರು. ನಾನು ಎದ್ದು ಒಲೆ ಆರಿಸಿದೆ. ಅವರು ಆಗ ತಲೆಯೆತ್ತಿದರು. ಕಪ್ಪಾದ ಪಾತ್ರೆಯನ್ನೂ ನನ್ನನ್ನೂ ನೋಡಿದರು. ಮತ್ತೆ ಎಲೆ ಒರೆಸತೊಡಗಿದರು.

ವಾಣಿ ಹಿಂತಿರುಗಿದಳು. "ಅತ್ತೆ, ಸಾರು ನೋಡ್ಬಿಡಿ, ಎಡೆಗೆ ಹೊತ್ತಾಯ್ತು" ಎಂದಳು. ಮನೆಯವರೆಲ್ಲ ತೀರ್ಪಿಗಾಗಿ ಬಾಗಿಲಲ್ಲಿ ನೆರೆದರು. ಅತ್ತಿಗೆ ಮುಚ್ಚಳ ಸರಿಸಿ ಬಾಗಿದರು. ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು. "ಉಪ್ಪು..." ಎಂದು ನಿಂತರು. ಕಣ್ಣು ತೆರೆದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು, ಉತ್ತರ ತಿಳಿಯದೆ ಎದ್ದುನಿಂತ ವಿದ್ಯಾರ್ಥಿಯಂತೆ.

ನಾನು ಇಷ್ಟು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ಅವಮಾನಗಳೆಲ್ಲ ಎದ್ದು ಸಾಲಾಗಿ ನಿಂತವು. ಒಂದೇ ಒಂದು ಮಾತು ಸಾಕಿತ್ತು, ಆ ಮಣೆ ಅವರಿಗೆ ಶಾಶ್ವತವಾಗಿ ತಪ್ಪಿಹೋಗುತ್ತಿತ್ತು. ನಾನು ಬಾಯಿ ತೆರೆದೆ, ಕೆಮ್ಮಿದೆ. ಅವರು ನನ್ನತ್ತ ನೋಡಿದಾಗ ತುಂಬಿದ ಜಾಡಿಯತ್ತ, ಅದರಲ್ಲಿ ಉಪ್ಪು ತುಂಬಿಕೊಂಡೇ ಉಳಿದಿದ್ದ ಚಮಚದತ್ತ ಕಣ್ಣು ಹೊರಳಿಸಿದೆ.

"ಉಪ್ಪೇ ಬಿದ್ದಿಲ್ವಲ್ಲೇ ವಾಣಿ!"

"ಅಯ್ಯೋ, ಹೌದು ಅತ್ತೆ! ಫೋನ್ ಬಂತು, ಮರೆತೇಬಿಟ್ಟೆ. ನಿಮ್ಮ ಮೂಗಿಗೆ ಕೈ ಮುಗೀಬೇಕು!"

ಎಲ್ಲರೂ ಮೆಚ್ಚಿ ತಲೆದೂಗಿದರು. ನನ್ನ ಕೆಮ್ಮಿಗೆ ಒಬ್ಬರಾದರೂ ನೀರು ಕೊಟ್ಟರೇ? ಇಲ್ಲ! ಅದನ್ನೂ ನೆನಪಿಟ್ಟುಕೊಂಡಿದ್ದೇನೆ.

ಊಟವಾದ ಮೇಲೆ ಎಲ್ಲರೂ ಹಜಾರದಲ್ಲಿ ಉರುಳಿಕೊಂಡಾಗ ಅತ್ತಿಗೆ ನನ್ನನ್ನು ಒಳಗೆ ಕರೆದರು.

"ಯಾವಾಗಿನಿಂದ?" ಎಂದೆ.

"ಜ್ವರ ಬಿಟ್ಟಾಗಿನಿಂದ. ಮಲ್ಲಿಗೆ ಮುಡಿದ್ರೂ ಗೊತ್ತಾಗಲ್ಲ. ಬಾಯಿಗೆ ಏನು ಹಾಕ್ಕೊಂಡ್ರೂ ಮಣ್ಣು ತಿಂದ ಹಾಗೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ವಾಸನೆ ವಾಪಸ್ ಬಂದ್ರೂ ಬರಬಹುದು ಅಂತಾರೆ ಡಾಕ್ಟ್ರು. ಅದಿರ್ಲಿ, ಇವತ್ತಿನ ಸಾರು ಹೇಗಿತ್ತು? ನಿಜ ಹೇಳು."

ಅವರಿಗೆದುರಾಗಿ ನೆಲದ ಮೇಲೆ ಕುಳಿತೆ. "ಮೊದಲು ಹುಳಿ ಬರತ್ತೆ ಅತ್ತಿಗೆ. ಜೋರಾಗಿ ಅಲ್ಲ. ಅದರ ಬೆನ್ನಿಗೇ ಸ್ವಲ್ಪ ಬೆಲ್ಲ. ಬೇಳೆ ಕಟ್ಟು ಗಟ್ಟಿಯಾಗಿದೆ, ನಾಲಿಗೆ ಮೇಲೆ ನಿಲ್ಲತ್ತೆ. ಆಮೇಲೆ ಗಂಟಲಲ್ಲಿ ಇಳೀವಾಗ ಮೆಣಸು..."

ಅತ್ತಿಗೆ ಕಣ್ಣು ಮುಚ್ಚಿದ್ದರು.

"ಮೆಲ್ಲಗೆ ಹೇಳೋ," ಎಂದರು. "ಇನ್ನೂ ಬೆಲ್ಲದ ಹತ್ರಾನೇ ಇದೀನಿ."