ಅಗಳಿ ಹಾಕಿದ ಮಧ್ಯಾಹ್ನ

ಊಟವಾದ ಮೇಲೆ ಬಾಗಿಲಿಗೆ ಅಗಳಿ ಹಾಕಿ, ಸೆರಗು ಮಡಿಸಿ ತಲೆಯಡಿಗಿಟ್ಟುಕೊಂಡು ಒಂದು ಗಳಿಗೆ ಅಡ್ಡಾಗುವುದು ಸಂಸಾರಸ್ಥ ಹೆಂಗಸರ ಹುಟ್ಟುಹಕ್ಕು ಎಂದು ನಾನು ನಲವತ್ತು ದಾಟುವವರೆಗೂ ನಂಬಿದ್ದೆ. ಶಿವಮೊಗ್ಗದ ಕೋಟೆಯ ತವರಿನಲ್ಲಿ ಅಮ್ಮ ಹಾಗೇ ಮಲಗುತ್ತಿದ್ದಳು. ಮದುವೆಯಾಗಿ ಭದ್ರಾವತಿಯ ಕ್ವಾರ್ಟರ್ಸಿಗೆ ಬಂದ ಮೇಲೆ ನಾನೂ ಹಾಗೇ ಮಲಗಿ, ಕಾರ್ಖಾನೆಯ ಸೈರನ್ನು ಕೂಗಿದಾಗ ಎದ್ದು ಕಾಫಿಗೆ ನೀರಿಡುತ್ತಿದ್ದೆ. ಆ ಅಗಳಿಯೇ ಒಂದು ದಿನ ನನ್ನ ಸಾವಿಗೆ ಕಾರಣವಾದೀತೆಂದು ಮಾತ್ರ ಅಂದುಕೊಂಡಿರಲಿಲ್ಲ.

ಘಟ್ಟದ ನೆತ್ತಿಯ ಮೇಲ್ಕೊಡಿಗೆ ಎಂಬ ಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸಲು ಎರಡು ತಿಂಗಳ ಮಟ್ಟಿಗೆ ಸ್ವಯಂಸೇವಕಿಯಾಗಿ ಯಾರು ಹೋಗುತ್ತೀರಿ ಎಂದು ನಮ್ಮ ಮಹಿಳಾ ಸಮಾಜದಲ್ಲಿ ಕೇಳಿದರು. ದೇಶ ಕಟ್ಟುವ ಕಾಲ ಅದು. ಎಲ್ಲರೂ ದೇಶಭಕ್ತಿಯಿಂದ ತಲೆ ತಗ್ಗಿಸಿದರು. ನಾನು ಜಾರಿದ ಹೇರ್‌ಪಿನ್ನನ್ನು ಸಿಕ್ಕಿಸಿಕೊಳ್ಳಲು ಕೈ ಎತ್ತಿದ್ದೆ, ಅಷ್ಟೆ, ಚಪ್ಪಾಳೆ ಬಿತ್ತು. ಮನೆಗೆ ಬಂದು ಹೇಳಿದರೆ ನಮ್ಮನೆಯವರು ನಕ್ಕರು. "ನೀನಾ? ಎಂಟು ದಿನಕ್ಕೆ ಟ್ರಂಕು ಹೊತ್ಕೊಂಡು ವಾಪಸ್ ಬರ್ತೀಯ, ನೋಡ್ತಿರು." ಆ ನಗುವಿಲ್ಲದಿದ್ದರೆ ಏನಾದರೊಂದು ನೆಪ ಹೇಳಿ ಉಳಿದುಬಿಡುತ್ತಿದ್ದೆ.

ಕೊನೆಯ ಬಸ್ ಸ್ಟಾಪಿನಿಂದ ಏದುಸಿರು ಬಿಡುತ್ತ ಹತ್ತಿ ಹೋದೆ. ಪಟೇಲರ ಮನೆಯ ಹೊರಕೋಣೆಯಲ್ಲಿ ಸಂಸಾರ ಹೂಡಿ, ಗೋಡೆಗೆ ಕರಿಹಲಗೆ ತೂಗುಹಾಕಿ, ಬಾಗಿಲು ತೆರೆದಿಟ್ಟು ಕಾದೆ. ದಿನವೂ ಬೆಳಿಗ್ಗೆ 'ಅ' ಬರೆಯುವುದು, ಸಂಜೆ ಒರೆಸುವುದು. ಪಾಠಕ್ಕೆ ತಪ್ಪದೆ ಬಂದದ್ದು ಒಂದು ಕೋಳಿ. ಪಕ್ಕದ ಮನೆಯ ಬೆಳ್ಳಜ್ಜಿಯೂ ಬರುತ್ತಿದ್ದಳು. ಆದರೆ ಅವಳು ನೆಟ್ಟಗೆ ಒಲೆಯ ಹತ್ತಿರ ಹೋಗಿ, ಪಾತ್ರೆಯ ಮುಚ್ಚಳ ತೆಗೆದು, ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, "ಉಪ್ಪು ಸಾಲ್ದು ಅಕ್ಕೋರೇ" ಎಂದು ತೀರ್ಪು ಕೊಟ್ಟು ಹೊರಟುಬಿಡುತ್ತಿದ್ದಳು. ಸ್ಲೇಟು ತೋರಿಸಿದರೆ ಕಣ್ಣು ಮಂಜು ಎನ್ನುವಳು. ಸಾರಿನ ತಳದಲ್ಲಿದ್ದ ಮೆಣಸಿನ ಕಾಳು ಮಾತ್ರ ಅವಳಿಗೆ ಕಾಣುತ್ತಿತ್ತು.

ಕಡೆಗೊಂದು ಮಧ್ಯಾಹ್ನ ಸೋಲೊಪ್ಪಿಕೊಂಡೆ. ಬೆಳಿಗ್ಗೆಯೇ ಬಸ್ಸು ಹಿಡಿಯುವುದೆಂದು ಟ್ರಂಕು ಕಟ್ಟಿದೆ. ಇನ್ನು ಯಾರಿಗಾಗಿ ಬಾಗಿಲು ತೆರೆದಿಡಬೇಕು? ಅಗಳಿ ಜಡಿದು ಮಲಗಿದೆ. ನನಗೆ ಗೊರಕೆಯ ಅಭ್ಯಾಸ ಇದೆಯೆಂದು ನಮ್ಮನೆಯವರ ವಾದ. ಇದ್ದಿದ್ದರೆ ಅಂದು ಮುಂದಿನ ಅನಾಹುತವೇ ಆಗುತ್ತಿರಲಿಲ್ಲ.

ಎಚ್ಚರವಾದದ್ದು ಅಳುವಿನ ಸದ್ದಿಗೆ. ಯಾರೋ ಹೋಗಿಬಿಟ್ಟಿದ್ದಾರೆ! ಬಾಗಿಲ ಸಂದಿನಲ್ಲಿ ನೋಡಿದರೆ ಅಂಗಳದ ತುಂಬ ಜನ. ಸೌದೆಯ ರಾಶಿ. ಜಗಲಿಯ ಮೇಲೆ ಬೆಳ್ಳಜ್ಜಿ ಎದೆ ಬಡಿದುಕೊಳ್ಳುತ್ತಿದ್ದಾಳೆ. "ಎಂಥಾ ಅಕ್ಕೋರು! ಉಪ್ಪೊಂದು ಬಿಟ್ರೆ ಚಿನ್ನ! ನಾಳೆಯಿಂದ ಸ್ಲೇಟು ಹಿಡೀಬೇಕು ಅಂತ ಮಾಡಿದ್ನಲ್ಲೋ, ನನ್ ಹಣೇಲಿ ಬರ್ದಿರ್ಲಿಲ್ವಲ್ಲೋ!"

ಸತ್ತದ್ದು ನಾನು! ಕೈಕಾಲು ತಣ್ಣಗಾದವು. ನಿಜವೇ ಇರಬಹುದೇನೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿಕೊಂಡೆ. ಹೊರಗೆ ಪಟೇಲರ ಆಳು ತಿಮ್ಮ ಗುದ್ದಲಿ ಹಿಡಿದು ಇನ್ನೊಬ್ಬನ ಜೊತೆ ಜಗಳಕ್ಕೆ ನಿಂತಿದ್ದ.

"ಸೌದೆ ಎಂತಕ್ಕೆ ಮಾರಾಯ? ವಿಭೂತಿ ಹಚ್ಚೋರು ಅವ್ರು. ಹೂಳೋದು."

"ಪ್ಯಾಟೆಯೋರೆಲ್ಲ ಸುಡೋದೇ ಕಣೋ."

"ಗುಂಡಿ ತೋಡಿದ್ಮೇಲೆ ಸುಡ್ಬೇಕು ಅಂದ್ರೆ ನನ್ ಸೊಂಟ ನೀನು ಕೊಡ್ತೀಯಾ?"

ತಪ್ಪು ಉತ್ತರ ಕಿವಿಗೆ ಬಿದ್ದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಒಳಗಿನಿಂದಲೇ ಹೇಳಿದೆ: "ನಮ್ಮಲ್ಲಿ ಹೂಳ್ತಾರೆ."

ಅಳು ಗಕ್ಕನೆ ನಿಂತಿತು. ಗುದ್ದಲಿ ದೊಪ್ಪೆಂದಿತು. ನಾನು ಬಾಗಿಲು ತೆರೆಯುವಷ್ಟರಲ್ಲಿ ಅಂಗಳ ಖಾಲಿ; ಮಂಡಿ ನೋವಿನಿಂದ ಓಡಲಾರದ ಬೆಳ್ಳಜ್ಜಿ ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದಳು. "ಪಾದ ತೋರ್ಸು" ಎಂದಳು. ತೋರಿಸಿದೆ. ಬೆರಳುಗಳು ಮುಂದಕ್ಕೇ ಇವೆಯೆಂದು ಮುಟ್ಟಿ ನೋಡಿದ ಮೇಲೆ ಅವಳಿಗೆ ಸಿಟ್ಟು ಬಂತು. "ಜೀವ ಇಟ್ಕಂಡು ಹಗಲಲ್ಲಿ ಬಾಗ್ಲು ಹಾಕ್ತಾರೇನೇ ಮಾರಾಯ್ತಿ?" ಆ ಊರಿನಲ್ಲಿ ಹಗಲು ಬಾಗಿಲು ಮುಚ್ಚುವುದು ಒಳಗೆ ಹೆಣವಿದ್ದಾಗ ಮಾತ್ರವಂತೆ. ನೆಂಟರು ಬರುವವರೆಗೆ ಅದನ್ನು ಯಾರೂ ತಟ್ಟಬಾರದಂತೆ.

"ಅಜ್ಜಿ, ನಾಳೆಯಿಂದ ಸ್ಲೇಟು ಹಿಡೀತೀನಿ ಅಂದ್ರಲ್ಲ?" ಎಂದೆ.

"ಸತ್ತೋರ ಮುಂದೆ ಆಡಿದ ಮಾತ್ನ ಬದುಕಿರೋರು ಹಿಡ್ಕಂತಾರಾ?" ಎಂದು ಗೊಣಗಿಕೊಂಡು ಎದ್ದು ಹೋದಳು.

ಆದರೆ ಮಾರನೆಯ ದಿನ ಬಂದಳು. ಹಿಂದೆಯೇ ಊರಿನ ಹೆಂಗಸರೂ ಬಂದರು. 'ಅ' ಬರೆಯಹೋದರೆ ಬೆಳ್ಳಜ್ಜಿ ತಡೆದಳು. "ಮೊದ್ಲು ನಿನ್ ಹೆಸ್ರು ಬರಿ. ನಿನ್ನೆ ಏನಂತ ಕೂಗಿ ಅಳೋದು ಅಂತ್ಲೇ ಯಾರಿಗೂ ತಿಳೀಲಿಲ್ಲ." ಹಲಗೆಯ ಮೇಲೆ 'ಗಿರಿಜಮ್ಮ' ಎಂದು ಬರೆದೆ. 'ಜ' ಸ್ವಲ್ಪ ಸೊಟ್ಟಗಾಯಿತು. ಮೇಲ್ಕೊಡಿಗೆಯ ಹೆಂಗಸರು ಇವತ್ತಿಗೂ 'ಜ' ಸೊಟ್ಟಗೇ ಬರೆಯುತ್ತಾರೆ. ಟ್ರಂಕು ಬಿಚ್ಚಿದೆ, ಎರಡು ತಿಂಗಳೂ ಅಲ್ಲೇ ಇದ್ದೆ.

ಭದ್ರಾವತಿಗೆ ಮರಳಿದ ಮೊದಲ ಮಧ್ಯಾಹ್ನವೇ ಎದುರುಮನೆಯ ಅಲಮೇಲುವಿನ ಬಾಗಿಲು ಮುಚ್ಚಿರುವುದು ಕಣ್ಣಿಗೆ ಬಿತ್ತು. ತಟ್ಟಲು ಕೈ ಬರಲಿಲ್ಲ. ಅವಳ ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಅಳತೊಡಗಿದೆ. ಸೈರನ್ನು ಕೂಗಿದ ಮೇಲೆ ಅವಳು ಕಣ್ಣುಜ್ಜುತ್ತ ಬಾಗಿಲು ತೆರೆದಳು.

"ಅಯ್ಯಯ್ಯೋ, ಎನ್ನಮ್ಮಾ ಗಿರಿಜಮ್ಮ, ಯಾರು ಹೋದ್ರು?"

"ನೀವೇ" ಎಂದೆ.

ಅಂದಿನಿಂದ ನಮ್ಮ ಸಾಲಿನಲ್ಲಿ ಯಾರೂ ಹಗಲು ಬಾಗಿಲು ಮುಚ್ಚುವುದಿಲ್ಲ, ನನ್ನ ಭಯಕ್ಕೆ. ನಾನೊಬ್ಬಳೇ ಒಮ್ಮೊಮ್ಮೆ ಬೇಕೆಂದೇ ಅಗಳಿ ಹಾಕಿ ಮಲಗಿ ಹೊರಗೆ ಕಿವಿಗೊಡುತ್ತೇನೆ. ಇದುವರೆಗೆ ಒಬ್ಬರಾದರೂ ಬಂದು ಅತ್ತಿಲ್ಲ. ಗೊರಕೆ ಕೇಳಿಸುತ್ತಿರುತ್ತದಲ್ಲ, ಅದಕ್ಕೇ ಎನ್ನುತ್ತಾರೆ ನಮ್ಮನೆಯವರು.