ಡಾಕ್ಟರ್ ಸಾಹೇಬರ ಸೋರುವ ಫಟಫಟಿ

ನಾನು ರಿಪೇರಿ ಮಾಡಿದ ಯಂತ್ರ ಒಂದು ಕಡೆ ಸುಮ್ಮನಾದರೆ ಇನ್ನೊಂದು ಕಡೆ ಅಳಲು ಶುರು ಮಾಡುತ್ತದೆ. ನಿಜಾಮರ ಕಾಲದಿಂದ ಇದೇ ನನ್ನ ಹಣೆಬರಹ.

ಆಗ ನಾನು ಲಿಂಗಸುಗೂರಿನ ಹತ್ತಿಬೀಜ ಬಿಡಿಸುವ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಜಿನ್ನು ನಡೆಯುವುದು ವರ್ಷಕ್ಕೆ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಮಾವನ ಮನೆಯಲ್ಲಿ ಕೂತು ಉಣ್ಣಬೇಕು. ಅಲ್ಲಿ ನನ್ನ ಪಾಲಿನ ರೊಟ್ಟಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ಅಷ್ಟರಲ್ಲಿ ತಹಶೀಲ್ದಾರರ ಕಚೇರಿಗೆ ಮೋಟಾರು ಬರುತ್ತದೆ, ನೋಡಿಕೊಳ್ಳಲು ಒಬ್ಬ ಕಾಯಂ ಮನುಷ್ಯ ಬೇಕು ಎಂಬ ಸುದ್ದಿ ಹಬ್ಬಿತು. ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರು ನನ್ನನ್ನು ಕರೆದು, "ನನ್ನ ಫಟಫಟಿ ಸೋರಲಾರದಂಗ ಮಾಡು. ತಹಶೀಲ್ದಾರರಿಗೆ ನಾನ ಸಿಫಾರಸು ಮಾಡ್ತೀನಿ" ಅಂದರು.

೧. ಸಿಂಧನೂರಿನ ರೋಗಿ

ಹಿಂದಿನ ಮಹಾಯುದ್ಧದ ಕಾಲದ ಆ ಮೋಟಾರ್ ಸೈಕಲ್ಲು ಹೈದರಾಬಾದಿನಿಂದ ಎರಡು ಗೋಣಿಚೀಲದಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಜೋಡಿಸಿದವನು ನಾನೇ. ಗಾಡಿ ಓಡಿತು. ಓಡಿದಷ್ಟು ದೂರವೂ ಎಣ್ಣೆ ಚೆಲ್ಲಿತು.

ಒಂದು ದಿನ ಸಾಹೇಬರು ರೋಗಿಯೊಬ್ಬನನ್ನು ನೋಡಲು ಸಿಂಧನೂರಿಗೆ ಹೋದರು. ಊರು ಮುಟ್ಟಿದ ಮೇಲೆ ಮನಸ್ಸು ಬದಲಾಗಿ, ಗೆಳೆಯ ವಕೀಲರ ಮನೆ ಹೊಕ್ಕು ಇಸ್ಪೀಟಿಗೆ ಕೂತರು. ರೋಗಿ ಮಧ್ಯಾಹ್ನದವರೆಗೆ ದಾರಿ ಕಾದ. ಕೊನೆಗೆ ತಾನೇ ಹಾಸಿಗೆಯಿಂದ ಎದ್ದು, ಕಂಬಳಿ ಹೊದ್ದು, ರಸ್ತೆಯ ಧೂಳಿನಲ್ಲಿದ್ದ ಎಣ್ಣೆಹನಿಗಳ ಜಾಡನ್ನೇ ಹಿಡಿದುಕೊಂಡು ವಕೀಲರ ಪಡಸಾಲೆಗೆ ಬಂದ. ಆಟದ ನಡುವೆ ಕೈ ಚಾಚಿ, "ನಾಡಿ ನೋಡ್ರಿ" ಅಂದನಂತೆ.

೨. ಮಸ್ಕಿಯ ಶನಿವಾರ

ಸಾಹೇಬರಿಗೆ ಸಿಟ್ಟು ಬರದೆ ಇರುತ್ತದೆಯೇ? ಇನ್ನೊಂದು ಹನಿ ಬಿದ್ದರೆ ಸಿಫಾರಸು ಮರೆತುಬಿಡು ಅಂದರು.

ಸೋರುವ ಜಾಗ ಹುಡುಕಲು ನಮ್ಮಲ್ಲಿ ಒಂದು ಉಪಾಯ ಇದೆ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೇಲೆ ಬಿಳಿ ಪುಡಿ ಉದುರಿಸಿ ಓಡಿಸಬೇಕು. ಪುಡಿ ಎಲ್ಲಿ ಕಪ್ಪಾಗುತ್ತದೋ ಅಲ್ಲೇ ಸೋರಿಕೆ. ನಮ್ಮ ಮನೆಯಲ್ಲಿ ವಿಭೂತಿಗೆ ಬರವಿಲ್ಲ. ನಾಲ್ಕು ಗಟ್ಟಿ ಕುಟ್ಟಿ ಎಂಜಿನ್ನಿನ ಮೈತುಂಬ ಬಳಿದೆ. ಮಸ್ಕಿಯವರೆಗೆ ಓಡಿಸಿಕೊಂಡು ಹೋಗಿ, ಹನುಮಪ್ಪನ ಗುಡಿಯ ಎದುರು ಬೇವಿನ ನೆರಳಿಗೆ ನಿಲ್ಲಿಸಿ ಚಹಾ ಕುಡಿಯಲು ಹೋದೆ.

ಅವತ್ತು ಶನಿವಾರ ಅನ್ನುವುದು ನೆನಪಿರಲಿಲ್ಲ. ಹನುಮಪ್ಪನಿಗೆ ಎಣ್ಣೆ ಕೊಡಲು ಬಂದ ಮುದುಕಿಯೊಬ್ಬಳು ವಿಭೂತಿ ಧರಿಸಿದ ಎಂಜಿನ್ನನ್ನು ಕಂಡು ಅದಕ್ಕೂ ಒಂದು ಸೌಟು ಹಾಕಿದ್ದಳು. ಹಿಂದೆ ಬಂದವರು ಯಾಕೆಂದು ಕೇಳುವ ಗೋಜಿಗೆ ಹೋಗಲಿಲ್ಲ, ತಾವೂ ಹಾಕಿದರು. ನಾನು ಬರುವಷ್ಟರಲ್ಲಿ ಗಾಡಿ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿತ್ತು, ಹ್ಯಾಂಡಲ್ಲಿಗೆ ಎಕ್ಕೆಹೂವಿನ ಸರ. ಹಾಗೇಕೆ ಮಾಡಿದೆ ಎಂದು ಮುದುಕಿಯನ್ನು ಕೇಳಿದೆ.

"ಒಳಗ ಏನೋ ಟಿಕ್ ಟಿಕ್ ಅಂತಿತ್ತಪ್ಪಾ, ಮೈನೂ ಸುಡತಿತ್ತು. ಸಮಾಧಾನ ಆಗ್ಲಿ ಅಂತ ಹಾಕೀನಿ" ಅಂದಳು.

ಅದರಲ್ಲಿ ನನ್ನ ಎಣ್ಣೆ ಯಾವುದು, ಹನುಮಪ್ಪನದು ಯಾವುದು ಎಂದು ಬೇರೆ ಮಾಡುವ ವಿದ್ಯೆ ನನಗೆ ಗೊತ್ತಿರಲಿಲ್ಲ.

೩. ಬೇವಿನ ಬೆಣೆ

ಮತ್ತೆ ತೊಳೆದು, ಮತ್ತೆ ಬಳಿದು, ವಾರವಿಡೀ ಗಾಡಿಯ ಕೆಳಗೆ ಮಲಗಿ ಹುಡುಕಿದೆ. ಹೊಟ್ಟೆಯ ಕೆಳಗೊಂದು ಸಣ್ಣ ನಳಿಗೆ ಇತ್ತು. ಹನಿ ಬೀಳುವುದು ಅಲ್ಲಿಂದಲೇ. ಬೇವಿನ ಕಟ್ಟಿಗೆಯ ಬೆಣೆ ಕೆತ್ತಿ ಬಡಿದೆ. ಹನಿ ನಿಂತಿತು. ಅವತ್ತು ಮಾವ ನನಗೆ ಎರಡನೇ ರೊಟ್ಟಿ ಹಾಕಿಸಿದರು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಮರುದಿನ ಸಾಹೇಬರು ನನ್ನ ಕೈಕೆಲಸ ತೋರಿಸಲೆಂದೇ ತಹಶೀಲ್ದಾರರನ್ನು ಹಿಂದೆ ಕೂರಿಸಿಕೊಂಡು ಕಚೇರಿಗೆ ಹೊರಟರು. ಆ ನಳಿಗೆ ಎಂಜಿನ್ನಿನ ಮೂಗು, ಉಸಿರು ಬಿಡುವುದೇ ಅಲ್ಲಿಂದ ಎಂದು ನನಗೇನು ಗೊತ್ತು? ಮೂಗು ಕಟ್ಟಿದ ಗಾಡಿ ಇದ್ದಬಿದ್ದ ಸಂದುಗಳಿಂದೆಲ್ಲ ಎಣ್ಣೆ ಕಾರಿತು. ತಹಶೀಲ್ದಾರರು ಇಳಿದಾಗ ಅವರ ಬಿಳಿ ಶೇರವಾನಿ ಮೊಣಕಾಲಿನ ಕೆಳಗೆ ಕಪ್ಪಾಗಿತ್ತು. ದೊಡ್ಡ ಮನುಷ್ಯರು, ಒಂದು ಕೆಟ್ಟ ಮಾತೂ ಆಡಲಿಲ್ಲ.

"ಗಾಡಿ ಛಲೋ ಐತಿ. ನಾ ನಡಕೊಂತ ಹೋಗ್ತೀನಿ" ಅಂದರು.

೪. ಖಾಲಿ ಡಬ್ಬಿ

ಆ ನೌಕರಿ ಕೇಳಿಕೊಂಡು ರಾಯಚೂರಿನಿಂದ ಇನ್ನೊಬ್ಬ ಬಂದ. ಅವನಿಗೂ ಅದೇ ಗಾಡಿ, ಅದೇ ಪರೀಕ್ಷೆ. ಬಂದವನೇ ಇಕ್ಕಳದಿಂದ ನನ್ನ ಬೆಣೆ ಕಿತ್ತು ಬಿಸಾಕಿದ. ಸಂದುಗಳೆಲ್ಲ ಒಣಗಿದವು. ನಳಿಗೆಯಿಂದ ಮಾತ್ರ ಮೊದಲಿನಂತೆ ಹನಿ ಬೀಳತೊಡಗಿತು. ನಾನು ಒಳಗೊಳಗೇ ಹಿಗ್ಗಿದೆ.

ಅವನು ನನ್ನ ಕಡೆ ತಿರುಗಿ ಬಲು ಮೆತ್ತಗೆ, "ಅಣ್ಣಾರ, ಒಂದು ಖಾಲಿ ಡಬ್ಬಿ ಐತೇನ್ರಿ?" ಅಂದ.

ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಅನ್ನಲಾಗದು. ಓಡಿಹೋಗಿ ಮನೆಯಿಂದ ತಂದುಕೊಟ್ಟೆ. ಅವನು ಅದನ್ನು ತಂತಿಯಿಂದ ನಳಿಗೆಯ ಕೆಳಗೆ ಕಟ್ಟಿದ. ಸಾಹೇಬರು ಊರೆಲ್ಲ ಸುತ್ತಿ ಬಂದು, ಬಗ್ಗಿ ನೆಲ ನೋಡಿ, ಸೋರುವುದು ನಿಂತಿತೇ ಎಂದು ಕೇಳಿದರು.

"ಸೋರತೈತ್ರಿ ಸಾಹೇಬ್ರ. ನೆಲಕ್ಕ ಬೀಳೂದಿಲ್ಲ."

ಸಿಫಾರಸು ಅಲ್ಲೇ, ಗಾಡಿಯ ಸೀಟಿನ ಮೇಲೆ ಕಾಗದ ಇಟ್ಟು ಬರೆದರು.

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ದುಃಖ ತಡೆಯಲಾಗದೆ ಆದದ್ದನ್ನೆಲ್ಲ ಮಾವನಿಗೆ ಹೇಳಿದೆ. ಮುಗಿದ ಮೇಲೆ ಅವರು ಒಳಗಿದ್ದ ಅತ್ತೆಗೆ ಕೂಗಿ ಹೇಳಿದರು:

"ಕೇಳಿದೇನ? ಸರ್ಕಾರಿ ನೌಕರಿ ನಮ್ಮ ಡಬ್ಬಿಗೆ ಸಿಕ್ಕೈತಿ. ಅಳಿಯಗ ಸಿಕ್ಕಿಲ್ಲ."